ಒಂದು ಮೀಟರಿನ ಗೆರೆ

ನವೆಂಬರಿನಲ್ಲಿ ಹಡಗು ಹತ್ತುವ ಹಿಂದಿನ ದಿನ ದಾರ್ದೊ ಮಗಳನ್ನು ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿದ. ನೆತ್ತಿಯ ಮೇಲೆ ಚಾಕುವನ್ನು ಮಟ್ಟಸವಾಗಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದ. ಅಳತೆಪಟ್ಟಿ ತೊಂಬತ್ತೇಳು ತೋರಿಸಿತು. ಅದರ ಮೇಲೆ ಎರಡು ಬೆರಳಿನಷ್ಟು ಬಿಟ್ಟು ಕೆಂಪು ಬಣ್ಣದಲ್ಲಿ ಇನ್ನೊಂದು ಗೆರೆ ಎಳೆದ.

"ಇದು ಒಂದು ಮೀಟರ್, ನನ್ನ ರಾಣಿ. ಅಪ್ಪ ವಾಪಸ್ ಬರೋ ಹೊತ್ತಿಗೆ ಇಲ್ಲಿಗೆ ಬಂದಿರ್ಬೇಕು. ಬಂದೆ ಅಂದ್ರೆ ಇಬ್ಬರೂ ಕಡಲ ಸರ್ಪ ಹತ್ತೋದೇ. ಮೊದಲನೇ ಡಬ್ಬಿ! ಕೈ ಎಲ್ಲಿ?"

ಲುದ್ಮಿಲಾ ಎರಡೂ ಕೈ ಮೇಲೆತ್ತಿದಳು. ಐದೂವರೆ ವರ್ಷದ ಹುಡುಗಿ; ನೋಡಿದವರು ನಾಲ್ಕು ಎನ್ನುತ್ತಿದ್ದರು, ಕೆಲವರು ಮೂರೂವರೆ ಎನ್ನಲೂ ಹಿಂಜರಿಯುತ್ತಿರಲಿಲ್ಲ.

ಕಡಲ ಸರ್ಪ ಎಂದರೆ ಮಾರ್ ದೆಲ್ ಪ್ಲಾತಾದ ದಂಡೆಯ ಮೇಲಿನ ಕಡಲಸಿಂಹ ಪಾರ್ಕಿನಲ್ಲಿ ಏರಿಳಿಯುವ ಹಸಿರು ರೈಲು. ಒಂದು ತಿರುವಿನಲ್ಲಿ ಹಳಿ ಅಲೆಗಳ ಮೇಲೇ ಚಾಚಿಕೊಂಡಿದೆ. ಕಳೆದ ಬೇಸಿಗೆಯಲ್ಲಿ ಅದರ ಬಾಗಿಲಲ್ಲಿ ಅಪ್ಪ-ಮಗಳಿಬ್ಬರನ್ನೂ ಹಿಂದಕ್ಕೆ ಕಳಿಸಿದ್ದರು. ಅಲ್ಲಿ ಮರದ ಹಲಗೆಯಲ್ಲಿ ಕತ್ತರಿಸಿದ ಒಂದು ಕಡಲಸಿಂಹ ಕೈ ಚಾಚಿ ನಿಂತಿತ್ತು. ಅದರ ಕೈಗೆ ತಲೆ ತಗುಲದ ಮಕ್ಕಳಿಗೆ ಪ್ರವೇಶವಿಲ್ಲ. ಆವತ್ತು ಮನೆಗೆ ಬರುವಾಗ ಮಗಳಿಗಿಂತ ಅಪ್ಪನ ಮುಖವೇ ಸಣ್ಣದಾಗಿತ್ತು ಎಂಬುದು ಅವನ ಹೆಂಡತಿ ರೊಸಾನಾಗೆ ನೆನಪಿತ್ತು.

ಮೀನು ಹಿಡಿಯುವ ಹಡಗು ಹೋಯಿತು. ದಕ್ಷಿಣದ ಕಡಲಿನಲ್ಲಿ ಏಳು ವಾರ. ಮನೆಯಲ್ಲಿ ಉಳಿದವರು ಮೂವರು ಹೆಂಗಸರು: ರೊಸಾನಾ, ಅವಳ ಅತ್ತೆ ಎರ್ಸಿಲಿಯಾ, ಮತ್ತು ಬೆಳೆಯದ ಲುದ್ಮಿಲಾ. ಮನೆ ಅತ್ತೆಯದು. ಅಡುಗೆಮನೆಯಂತೂ ಇನ್ನೂ ಹೆಚ್ಚು ಅತ್ತೆಯದು.

ರೊಸಾನಾ ಬಂದರಿನ ಕಾರ್ಖಾನೆಯಲ್ಲಿ ಮೀನು ಸೀಳುವವಳು. ಬೆಳಗಿನ ಐದಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಬರುತ್ತಿದ್ದಳು. ಶಿಶುವಿಹಾರದ ವರ್ಷಾಂತ್ಯದ ಕುಣಿತಕ್ಕೆ ಅರ್ಧ ದಿನದ ರಜೆ ಕೇಳಿ ಹೋದಾಗ ಟೀಚರಮ್ಮ ಅವಳನ್ನು ಪಕ್ಕಕ್ಕೆ ಕರೆದರು. "ಲುದ್ಮಿಲಾನ ನಾಲ್ಕು ವರ್ಷದವರ ಸಾಲಲ್ಲಿ ನಿಲ್ಸಿದೀನಿ. ಬೇಜಾರು ಮಾಡ್ಕೋಬೇಡಿ. ಅವಳ ವಯಸ್ಸಿನವರ ಜೊತೆ ನಿಂತ್ರೆ ಕಾಣೋದೇ ಇಲ್ಲ. ಒಂದು ಸಲ ಡಾಕ್ಟರಿಗೆ ತೋರ್ಸಿ."

ರೊಸಾನಾ ಚಪ್ಪಾಳೆ ತಟ್ಟಿದಳು, ಫೋಟೊ ತೆಗೆದಳು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟಳು.

ಆಸ್ಪತ್ರೆಯ ಡಾಕ್ಟರ್ ಅರಿಸ್ಮೆಂದಿ ನಿಧಾನದ ಹೆಂಗಸು. ಮಗುವನ್ನು ಗೋಡೆಗೆ ನಿಲ್ಲಿಸಿ ಅಳೆದರು, ಹಳೆಯ ಕಾರ್ಡು ನೋಡಿದರು, ಮತ್ತೆ ಅಳೆದರು. "ಒಂದೂವರೆ ವರ್ಷದಲ್ಲಿ ಮೂರು ಸೆಂಟಿಮೀಟರ್. ಇದು ಕಮ್ಮಿ. ಕೈ ಎಕ್ಸ್‌ರೇ ಮಾಡಿಸೋಣ. ರಕ್ತಾನೂ ನೋಡೋಣ."

"ಏನಿರ್ಬಹುದು ಡಾಕ್ಟ್ರೇ?"

"ನೋಡಿದ ಮೇಲೆ ಹೇಳ್ತೀನಿ. ಈಗ್ಲೇ ಹೇಳಿದ್ರೆ ನೀವು ನಿದ್ದೆ ಮಾಡಲ್ಲ."

ಹೇಳದೇ ಇದ್ದದ್ದಕ್ಕೂ ರೊಸಾನಾ ನಿದ್ದೆ ಮಾಡಲಿಲ್ಲ. ಎಕ್ಸ್‌ರೇ ಕೋಣೆಯಲ್ಲಿ ಲುದ್ಮಿಲಾ ತಣ್ಣನೆಯ ಹಲಗೆಯ ಮೇಲೆ ಅಂಗೈ ಇಟ್ಟು ಕೇಳಿದಳು: "ಇದು ಬೆಳೆಸೋ ಮಿಷನ್ನಾ?"

"ಇಲ್ಲ ಪುಟ್ಟಿ, ಬರೀ ಫೋಟೊ."

"ಹಂಗಾದ್ರೆ ಸರಿ," ಎಂದು ಮಗು ಉಸಿರು ಬಿಟ್ಟಿತು. ಹುಡುಗಿಗೆ ಸೂಜಿಯ ಭಯ ಇರಬೇಕು ಎಂದುಕೊಂಡಳು ರೊಸಾನಾ.

ಅತ್ತೆಗೆ ಅವಳು ಹೇಳಿದ್ದು ಅರ್ಧ ಮಾತ್ರ. "ಸ್ವಲ್ಪ ಸಣ್ಣ ಇದಾಳಂತೆ. ಚೆನ್ನಾಗಿ ತಿನ್ಬೇಕಂತೆ." ಕೊನೆಯ ಮಾತನ್ನು ಡಾಕ್ಟರು ಹೇಳಿರಲೇ ಇಲ್ಲ, ಅತ್ತೆ ಇನ್ನೇನೂ ಕೇಳದಿರಲಿ ಎಂದು ರೊಸಾನಾ ಸೇರಿಸಿದ್ದು. ಅದೇ ತಪ್ಪಾಯಿತು.

ಮರುದಿನದಿಂದಲೇ ಒಲೆ ಉರಿಯತೊಡಗಿತು. ಅಲ್ಲಿ ಡಿಸೆಂಬರ್ ಎಂದರೆ ನಡುಬೇಸಿಗೆಯ ಸೆಕೆ, ಹೊರಗೆ ಜನ ಬರಿಮೈಯಲ್ಲಿ ದಂಡೆಯ ಕಡೆಗೆ ಹೊರಟಿದ್ದಾರೆ, ಎರ್ಸಿಲಿಯಾಳ ಅಡುಗೆಮನೆಯಲ್ಲಿ ಮಾತ್ರ ಚಳಿಗಾಲದ ಬೇಳೆ ಹುಳಿ, ಮೂಳೆ ಸಾರು, ಈರುಳ್ಳಿಯಲ್ಲಿ ಹುರಿದ ದನದ ಈಲಿ. ಬೆಳಿಗ್ಗೆ ಎದ್ದ ಕೂಡಲೇ ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ, ಎರಡು ಚಮಚ ಸಿಹಿ ವೈನ್ ಬೆರೆಸಿ, ನೊರೆ ಬರುವಂತೆ ಕಡೆದು ಕುಡಿಸುತ್ತಿದ್ದಳು.

"ಬಾಯಿ ತೆಗಿ."

"ಬೇಡ ನೋನಾ," ಎಂದು ಲುದ್ಮಿಲಾ ಅಜ್ಜಿಯ ಕೈ ತಳ್ಳುತ್ತಿದ್ದಳು.

"ಬೇಡ ಅನ್ನೋ ಬಾಯಿಗೆ ಬೇಕು ಅನ್ನೋದೂ ಗೊತ್ತಿರುತ್ತೆ. ತೆಗಿ. ಇದು ಅಪ್ಪಂಗೆ, ಇದು ಸರ್ಪಕ್ಕೆ."

ಸರ್ಪದ ಹೆಸರು ಬಂದದ್ದೇ ಮಗು ಹಲ್ಲು ಕಚ್ಚಿಕೊಂಡಿತು.

"ಅತ್ತೆ, ಸಾಕು ಬಿಡಿ. ಒತ್ತಾಯ ಮಾಡಿದ್ರೆ ವಾಂತಿ ಮಾಡ್ತಾಳೆ," ಎಂದಳು ರೊಸಾನಾ.

"ನೀನು ಬರೋದು ಎರಡು ಗಂಟೆಗೆ. ಬಂದು ಸಾಕು ಬಿಡಿ ಅಂತೀಯ. ಅಲ್ಲೀವರೆಗೆ ಇವಳ ಹಿಂದೆ ತಟ್ಟೆ ಹಿಡ್ಕೊಂಡು ಓಡೋಳು ಯಾರು? ಇದೇ ಮೇಜಿನ ಮೇಲೆ ತಿಂದು ನನ್ನ ಎರಡು ಗಂಡು ಮಕ್ಕಳು ಬಾಗಿಲಿಗೆ ತಲೆ ತಗುಲೋ ಹಾಗೆ ಬೆಳೆದ್ರು."

"ಅವರು ನಿಮ್ಮನ್ನ ಹೋಲ್ತಾರೆ. ಇವಳು ನನ್ನ ಹೋಲ್ತಿರ್ಬಹುದು."

"ಅದನ್ನೇ ನಾನೂ ಹೇಳ್ತಿರೋದು," ಎಂದು ಎರ್ಸಿಲಿಯಾ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡಲು ಬಹಳ ಹೊತ್ತು ಬೇಕಾಗಲಿಲ್ಲ.

ವಾರಕ್ಕೊಮ್ಮೆ, ಹಡಗು ದಡದ ಹತ್ತಿರ ಹಾದಾಗ, ಫೋನಿನಲ್ಲಿ ದಾರ್ದೊನ ಧ್ವನಿ ಬಂದು ಬೀಳುತ್ತಿತ್ತು. ಹಿಂದೆ ಇಂಜಿನ್ನಿನ ಗುಡುಗು. "ಎಲ್ಲಿ ನನ್ನ ರಾಣಿ? ಎಷ್ಟಾದೆ? ಸರ್ಪ ನಿನ್ನೇ ಕಾಯ್ತಿದೆ! ಗರ್ರ್!" ಲುದ್ಮಿಲಾ ಫೋನಿನ ಹತ್ತಿರ ಬಾಯಿ ತಂದು ತಡವರಿಸದೆ ಉತ್ತರಿಸುತ್ತಿದ್ದಳು: "ಇನ್ನೂ ಇಲ್ಲ ಅಪ್ಪಾ. ಸ್ವಲ್ಪಾನೂ ಇಲ್ಲ." ಎಂದಿದ್ದೇ ಓಡಿಹೋಗುತ್ತಿದ್ದಳು. ಪಾಪ, ಎಷ್ಟು ನೊಂದುಕೊಂಡಿದೆ ಮಗು ಎಂದುಕೊಳ್ಳುತ್ತಿದ್ದಳು ರೊಸಾನಾ.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಇರುವಾಗ ರೊಸಾನಾ ಬಟ್ಟೆ ಒಗೆಯಲು ಮಗಳ ಶಿಶುವಿಹಾರದ ಮೇಲಂಗಿ ತೆಗೆದುಕೊಂಡಳು. ಜೇಬು ಭಾರವಾಗಿತ್ತು. ಕೈ ಹಾಕಿದರೆ ಜಿಗುಟು, ಕೆಟ್ಟ ವಾಸನೆ. ಒಳಗೆ ಕರಟಿಹೋದ ಈಲಿಯ ತುಂಡುಗಳು, ಬೇಳೆಯ ಮುದ್ದೆ. ಇನ್ನೊಂದು ಜೇಬಿನಲ್ಲೂ ಅದೇ. ದಿನವಿಡೀ ಮೀನಿನ ಕರುಳು ತೆಗೆಯುವ ಕೈ ಅದು. ಆದರೂ ಅವಳು ಅದನ್ನು ಎರಡು ಸಲ ತೊಳೆದಳು. ಮೇಲಂಗಿಯನ್ನು ಹಾಗೇ ತಂದು ಊಟದ ಮೇಜಿನ ಮೇಲೆ, ಅತ್ತೆಯ ಮುಂದೆ ಕೊಡವಿದಳು.

"ನೋಡಿ. ಇದು ನಿಮ್ಮ ಸಾರು, ಇದು ನಿಮ್ಮ ಈಲಿ. ಎಲ್ಲಾ ಇಲ್ಲೇ ಇದೆ. ಹೊಟ್ಟೆಗೆ ಏನೂ ಹೋಗಿಲ್ಲ."

ಎರ್ಸಿಲಿಯಾ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದಳು. ಮುದುಕಿ ಬರಲಿಲ್ಲ. ಕುರ್ಚಿ ಎಳೆದು ಕೂತಳು. ಬಣ್ಣಗೆಟ್ಟ ತುಂಡುಗಳನ್ನು ಒಂದೊಂದೇ ಆರಿಸಿ ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನಲ್ಲಿ ಹಾಕಿಕೊಂಡಳು.

"ನೆಲಿದಾನೂ ಹಿಂಗೇ ಮಾಡ್ತಿದ್ಲು," ಎಂದಳು. "ದಿಂಬಿನ ಕೆಳಗೆ ಬಚ್ಚಿಡ್ತಿದ್ಲು."

"ಯಾರು ನೆಲಿದಾ?"

"ನನ್ನ ಮಗಳು, ದಾರ್ದೊಗಿಂತ ಮುಂಚಿನೋಳು. ಅವನಿಗೂ ಗೊತ್ತಿಲ್ಲ. ಮೂರು ವರ್ಷಕ್ಕೆ ಹೋದ್ಲು. ಹೋಗೋವಾಗ ಒಂದೂವರೆ ವರ್ಷದ ಮಗು ಅಷ್ಟೇ ಇದ್ಲು. ನಮ್ಮತ್ತೆ ಊರೆಲ್ಲಾ ಹೇಳ್ಕೊಂಡು ಬಂದ್ರು, ತಾಯಿ ಹೊಟ್ಟೆಗೆ ಹಾಕ್ಲಿಲ್ಲ ಅಂತ."

ಅವತ್ತೇ ಬೆಳಿಗ್ಗೆ, ಕಾರ್ಖಾನೆಗೆ ಹುಷಾರಿಲ್ಲ ಎಂದೂ ಅತ್ತೆಗೆ ಪೇಟೆಗೆ ಎಂದೂ ಹೇಳಿ, ರೊಸಾನಾ ಮಗುವನ್ನು ಮೂರು ಗಂಟೆ ಆಸ್ಪತ್ರೆಯಲ್ಲಿ ಕೂರಿಸಿ ನಾಲ್ಕು ಸಲ ರಕ್ತ ತೆಗೆಸಿ ಬಂದಿದ್ದಳು. ಅಷ್ಟರಲ್ಲಿ ಲುದ್ಮಿಲಾ ನೀರು ಕುಡಿಯಲು ಒಳಗೆ ಬಂದಳು. ತೋಳಿಲ್ಲದ ಅಂಗಿ. ಮೊಣಕೈಯಲ್ಲಿ ಹತ್ತಿ, ಅಂಟುಪಟ್ಟಿ, ಸುತ್ತ ನೀಲಿ.

"ಇದೇನಿದು?" ಎರ್ಸಿಲಿಯಾ ಎದ್ದಳು.

"ರಕ್ತ ಪರೀಕ್ಷೆ."

"ಯಾತಕ್ಕೆ?"

"ಯಾಕೆ ಬೆಳೀತಿಲ್ಲ ಅಂತ ನೋಡೋಕೆ. ಜನವರಿ ಹತ್ತಕ್ಕೆ ಹೇಳ್ತಾರೆ."

"ಅಂದ್ರೆ ರೋಗ ಅಂತ ನಿಂಗೆ ಗೊತ್ತಿತ್ತು. ಮೂರು ವಾರದಿಂದ ನಾನು ಒಲೆ ಮುಂದೆ ಬೇಯ್ತಾ ಇದೀನಿ, ನೀನು ಬಾಯಿ ಮುಚ್ಕೊಂಡು ನೋಡ್ತಾ ಇದೀಯ!"

"ಗೊತ್ತಿದ್ರೆ ತಾನೇ ಹೇಳೋದು? ನಂಗೂ ಏನೂ ಗೊತ್ತಿಲ್ಲ! ನಿಮಗೆ ಹೇಳಿದ್ರೆ ನನ್ನ ಮೇಲೇ ತಿರುಗಿಸ್ತೀರಿ ಅಂತ ಹೇಳ್ಲಿಲ್ಲ!"

"ದಾರ್ದೊಗೆ?"

"ಕಡಲ ಮಧ್ಯೆ ಇರೋನಿಗೆ ಹೇಳಿ ಏನು ಮಾಡ್ಲಿ? ಬಲೆ ಎಳೆಯೋನ ಮನಸ್ಸು ಇಲ್ಲಿದ್ರೆ ಕೈ ಹೋಗುತ್ತೆ."

ಲುದ್ಮಿಲಾ ಲೋಟ ಹಿಡಿದು ಇಬ್ಬರನ್ನೂ ನೋಡುತ್ತಿದ್ದಳು. "ನಾನು ಹಿಂಗೇ ಇದ್ರೆ ಏನಾಗುತ್ತೆ?" ಎಂದು ಕೇಳಿದಳು.

ಕ್ರಿಸ್ಮಸ್ ಊಟ ಬೇಗ ಮುಗಿಯಿತು. ಆಮೇಲೆ ಎರ್ಸಿಲಿಯಾ ಒತ್ತಾಯ ಬಿಟ್ಟಳು. ಅದು ಇನ್ನೂ ಕಷ್ಟವಾಯಿತು. ತಟ್ಟೆ ಇಟ್ಟು, ಎದುರು ಕೂತು, ಮಗು ಎಷ್ಟು ತುತ್ತು ತಿಂದಿತು ಎಂದು ಕಣ್ಣಲ್ಲೇ ಎಣಿಸುತ್ತಿದ್ದಳು. ರೊಸಾನಾ ಎಣಿಸುವವಳನ್ನು ನೋಡುತ್ತಿದ್ದಳು.

ಜನವರಿ ಐದಕ್ಕೆ ದಾರ್ದೊ ಬಂದ. ಗಡ್ಡ, ಉಪ್ಪು, ಒಂದು ಚೀಲ ಮೀನು. ಒಳಗೆ ಬಂದವನೇ ಮಗಳನ್ನು ಎತ್ತಿ ಚೌಕಟ್ಟಿಗೆ ನಿಲ್ಲಿಸಿ ಚಾಕು ಇಟ್ಟ. ಹಳೆಯ ಪೆನ್ಸಿಲ್ ಗೆರೆಯ ಮೇಲೇ ಹೊಸ ಗೆರೆ ಕೂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅವನು ಚಾಕುವನ್ನು ನಿಧಾನವಾಗಿ ಕೆಳಗಿಟ್ಟ. ರೊಸಾನಾ ಅವನನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದಳು.

"ಮಂಗಳವಾರ ಗೊತ್ತಾಗುತ್ತಾ?"

"ಮಂಗಳವಾರ."

"ಹಂಗಾದ್ರೆ ಭಾನುವಾರ ಪಾರ್ಕಿಗೆ ಹೋಗೋಣ," ಎಂದ. "ಮಂಗಳವಾರ ಏನು ಹೇಳ್ತಾರೋ ಯಾರಿಗೆ ಗೊತ್ತು. ಅದಕ್ಕಿಂತ ಮುಂಚೆ ಒಂದು ದಿನ ಮಗು ಖುಷಿಯಾಗಿರ್ಲಿ."

"ಅವಳನ್ನ ಒಳಗೆ ಬಿಡಲ್ಲ ದಾರ್ದೊ."

"ಬಿಡ್ತಾರೆ," ಎಂದಳು ಬಾಗಿಲಲ್ಲಿ ನಿಂತಿದ್ದ ಎರ್ಸಿಲಿಯಾ. "ಅದನ್ನ ನಂಗೆ ಬಿಡಿ."

ಭಾನುವಾರ ಮಗುವಿಗೆ ಬಟ್ಟೆ ಹಾಕಿದ್ದು ಅಜ್ಜಿಯೇ. ಸುಡುವ ಬಿಸಿಲಿನಲ್ಲಿ ಚಳಿಗಾಲದ ಎತ್ತರದ ಬೂಟು. ಲುದ್ಮಿಲಾ ಗೊಂಬೆಯ ಹಾಗೆ ಕಾಲೆತ್ತಿ ಎತ್ತಿ ಇಡುತ್ತಿದ್ದಳು. ರೊಸಾನಾ ಬಸ್ಸಿನಲ್ಲೇ ನೋಡಿದಳು, ನೋಡಿದ್ದೇ ಅರ್ಥವಾಯಿತು, ಬಾಯಿ ಬಿಡಲಿಲ್ಲ. ಒಂದು ದಿನ ಈ ಮಗು ಎಲ್ಲರ ಹಾಗೆ ಬಾಗಿಲು ದಾಟಲಿ ಎಂಬ ಆಸೆ ಅವಳಿಗೂ ಇತ್ತು.

ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಟ್ಟ ಸಕ್ಕರೆಯ ವಾಸನೆ, ಕಡಲಗಾಳಿ, ನೆತ್ತಿಯ ಮೇಲೆ ಸರ್ಪದ ಗಡಗಡ. ಪ್ರತಿ ಸಲ ಅದು ತಿರುವಿಗೆ ಬಂದಾಗ ಜನರೆಲ್ಲ ಒಟ್ಟಿಗೆ ಕಿರುಚುತ್ತಿದ್ದರು. ಪ್ರತಿ ಸಲವೂ ರೊಸಾನಾಳ ಕೈಯೊಳಗಿನ ಪುಟ್ಟ ಕೈ ಬಿಗಿಯಾಗುತ್ತಿತ್ತು. ಆ ಕೈ ಒದ್ದೆಯಾಗಿ ತಣ್ಣಗಿತ್ತು. "ಹುಷಾರಿದೀಯಾ?" ಎಂದರೆ ತಲೆಯಾಡಿಸಿದಳು. "ಬೇಡ ಅಂದ್ರೆ ಹೇಳು." ಲುದ್ಮಿಲಾ ಮುಂದೆ ನಡೆಯುತ್ತಿದ್ದ ಅಪ್ಪನ ಬೆನ್ನನ್ನು ನೋಡಿದಳು.

ಬಾಗಿಲಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಬೊಕ್ಕತಲೆಯ ಮನುಷ್ಯ. "ಬಾ ಪುಟ್ಟಿ, ಕಡಲಸಿಂಹದ ಕೈ ಕೆಳಗೆ ನಿಂತ್ಕೊ."

ನೆತ್ತಿ ಮರದ ಕೈಗೆ ತಗುಲಿತು.

"ಆಯ್ತು. ಹೋಗಿ."

ದಾರ್ದೊ ಗೋಲು ಹೊಡೆದವನಂತೆ ಕೂಗಿದ. ಬೇಲಿಯಾಚೆ ಎರ್ಸಿಲಿಯಾ ಶಿಲುಬೆ ಮುಟ್ಟಿಕೊಂಡಳು. ಮೂವರೂ ಮೆಟ್ಟಿಲು ಹತ್ತಿದರು. ಡಬ್ಬಿಯಲ್ಲಿ ಇಬ್ಬರಿಗೇ ಜಾಗ, ರೊಸಾನಾ ಹಲಗೆಯ ಕಟ್ಟೆಯ ಮೇಲೆ ನಿಂತು ನೋಡಬಹುದು. ಅಲ್ಲಿಂದ ಅವಳಿಗೆ ಡಬ್ಬಿಯ ಒಳಗೆಲ್ಲ ಕಾಣುತ್ತಿತ್ತು. ಕೂತವರ ತೊಡೆಯ ಮೇಲೆ ಬಂದು ಬೀಳುವ ಕಬ್ಬಿಣದ ಸರಳು ದಾರ್ದೊನಂಥವನ ತೊಡೆಗೆ ತಗುಲಿ ನಿಲ್ಲುತ್ತದೆ. ಅವನ ಪಕ್ಕದಲ್ಲಿ ಲುದ್ಮಿಲಾಳ ಕಾಲಿನ ಮೇಲೆ ಒಂದು ಗೇಣು ಖಾಲಿ ಇರುತ್ತದೆ. ಆ ಖಾಲಿಯಲ್ಲಿ ಮಗು ಬೆಕ್ಕಿನಮರಿಯ ಹಾಗೆ ನುಸುಳಿ ಹೋದೀತು.

"ದಾರ್ದೊ, ಬೇಡ," ಎಂದಳು. ಗಲಾಟೆಯಲ್ಲಿ ಅವನಿಗೆ ಕೇಳಿಸಲಿಲ್ಲ. ಮೊದಲನೇ ಡಬ್ಬಿಯಲ್ಲಿ ಕೂತು ಮಗಳ ಕಡೆಗೆ ತೋಳು ಚಾಚಿದ್ದ. "ದಾರ್ದೊ!"

ಆಗ ಲುದ್ಮಿಲಾ ಕೈ ಕೊಸರಿಕೊಂಡು ಹಲಗೆಯ ಮೇಲೆ ಕೂತುಬಿಟ್ಟಳು. ಬೂಟಿನ ಲಾಡಿ ಬಿಚ್ಚಿದಳು. ಒಂದು ಬೂಟು, ಇನ್ನೊಂದು ಬೂಟು. ಎರಡನ್ನೂ ಎತ್ತಿಕೊಂಡು ಮೆಟ್ಟಿಲಿಳಿದು ಓಡಿ ಸೀಟಿಯವನ ಮುಂದೆ ನಿಂತಳು.

"ಇದರೊಳಗೆ ರಟ್ಟಿದೆ. ತುಂಬಾ ಇದೆ. ನಾನು ಮೀಟರ್ ಇಲ್ಲ. ಬೇಕಾದ್ರೆ ಈಗ ನೋಡಿ."

ಬರಿಗಾಲಲ್ಲಿ ಕಡಲಸಿಂಹದ ಕೈ ಕೆಳಗೆ ನಿಂತಳು. ಮಧ್ಯೆ ಎರಡು ಬೆರಳು ಬೆಳಕು.

ಆ ಮನುಷ್ಯ ಬೂಟು ತಿರುಗಿಸಿ ರಟ್ಟು ಉದುರಿಸಿದ. "ಯಾರು ಮಾಡಿದ್ದು ಈ ಕೆಲಸ? ತಿರುವಲ್ಲಿ ಜಾರಿ ಬಿದ್ರೆ ಅಪ್ಪ ಅಮ್ಮ ಅಳ್ತೀರಿ, ಜೈಲಿಗೆ ಹೋಗೋನು ನಾನು!"

"ಬೆಳಿಗ್ಗೆಯಿಂದ ಸಂಜೆವರೆಗೂ ಸೀಟಿ ಊದೋನು ನೀನು, ಎರಡು ಬೆರಳಿಗೆ ಎಷ್ಟು ಕೂಗಾಡ್ತೀಯಾ?" ಎಂದಳು ಎರ್ಸಿಲಿಯಾ ಬೇಲಿಯಾಚೆಯಿಂದ.

"ಅಮ್ಮಾ! ನೀನು ಇದನ್ನ..." ದಾರ್ದೊ ಇಳಿದು ಬಂದ. ಸಾಲಿನವರು ಬೈಯತೊಡಗಿದರು. ಅವನು ಮಗಳ ಮುಂದೆ ಮಂಡಿಯೂರಿದ. "ಅಳ್ಬೇಡ ರಾಣಿ. ಮುಂದಿನ ವರ್ಷ ಖಂಡಿತಾ ಹತ್ತೋಣ. ಅಪ್ಪನ ಮಾತು."

ಅಲ್ಲಿಯವರೆಗೆ ಮಗು ಅತ್ತಿರಲಿಲ್ಲ. ಈಗ ಅತ್ತಳು. "ಮುಂದಿನ ವರ್ಷಾನೂ ತಿನ್ನಲ್ಲ! ಯಾವತ್ತೂ ತಿನ್ನಲ್ಲ! ನಾನು ಬೆಳೆಯಲ್ಲ!"

ಕಡಲ ಗೋಡೆಯ ಮೇಲೆ ಕೂರಿಸಿ, ನೀರು ಕುಡಿಸಿ, ರೊಸಾನಾ ಅವಳ ಪಾದಕ್ಕೆ ಮೆತ್ತಿದ್ದ ಧೂಳು ಒರೆಸಿದಳು. ನಿಧಾನವಾಗಿ ಮಾತು ಹೊರಬಂತು. ಕಳೆದ ಬೇಸಿಗೆಯಲ್ಲಿ ಅಪ್ಪ ಭುಜದ ಮೇಲೆ ಕೂರಿಸಿಕೊಂಡು ಸರ್ಪವನ್ನು ತೋರಿಸಿದ್ದನಲ್ಲ, ಆಗ ಒಂದು ಹುಡುಗಿಯನ್ನು ನೋಡಿದ್ದಳು.

"ಆ ಅಕ್ಕ ಮೇಲಿಂದ ಇಳಿಸಿ, ಇಳಿಸಿ ಅಂತ ಅಳ್ತಿದ್ಲು. ಅವಳಮ್ಮ ಕೆಳಗೇ ಇದ್ರು. ಯಾರೂ ಇಳಿಸ್ಲಿಲ್ಲ. ಇನ್ನೊಂದು ಸುತ್ತು ಹೋಯ್ತು."

"ನಂಗೆ ಯಾಕೆ ಹೇಳ್ಲಿಲ್ಲ?" ದಾರ್ದೊ ಕೇಳಿದ.

"ನಿಂಗೆ ಅದು ಇಷ್ಟ ಅಲ್ವಾ."

"ಅದಕ್ಕೇ ಊಟ ಬಿಟ್ಟೆಯಾ?" ಎಂದಳು ಎರ್ಸಿಲಿಯಾ. "ಬೆಳೀಬಾರ್ದು ಅಂತ?"

ಲುದ್ಮಿಲಾ ಹೂಂ ಎಂದಳು. ಮತ್ತೆ, ಸ್ವಲ್ಪ ಹೆಮ್ಮೆಯಿಂದಲೇ, "ಬೆಳೀಲಿಲ್ಲ ನೋಡಿ," ಎಂದಳು.

ದಾರ್ದೊ ಎದ್ದು ಗೋಡೆಯ ಇನ್ನೊಂದು ತುದಿಗೆ ಹೋಗಿ ಬಹಳ ಹೊತ್ತು ನೀರನ್ನು ನೋಡುತ್ತ ನಿಂತ. ಅವತ್ತು ಅವರು ಬೇರೆ ಯಾವುದನ್ನೂ ಹತ್ತಲಿಲ್ಲ.

ಆ ಎರಡು ದಿನ ರೊಸಾನಾಗೆ ಹೊಸ ಆಸೆಯೊಂದು ಹುಟ್ಟಿತು. ಊಟ ಬಿಟ್ಟದ್ದೇ ಕಾರಣವಾಗಿದ್ದರೆ? ತಿಂದರೆ ಸರಿಹೋಗುವುದಾದರೆ? ಅತ್ತೆಗೂ ಅದೇ ಅನ್ನಿಸಿರಬೇಕು. ಸೋಮವಾರ ಹುರಿದ ಆಲೂಗೆಡ್ಡೆ ಮಾಡಿ ಮಗುವಿನ ಮುಂದಿಟ್ಟಳು. ಮಗು ಅರ್ಧ ತಿಂದಿತು.

ಮಂಗಳವಾರ ನಾಲ್ವರೂ ಆಸ್ಪತ್ರೆಗೆ ಹೋದರು. ಡಾಕ್ಟರ್ ಅರಿಸ್ಮೆಂದಿ ಕಾಗದಗಳನ್ನು ಜೋಡಿಸಿಕೊಂಡರು. ತಲೆಯೊಳಗೆ ಕಡಲೆಕಾಳಿನಷ್ಟು ದೊಡ್ಡ ಗ್ರಂಥಿ ಇರುತ್ತದೆ, ಬೆಳೆಸುವ ರಸ ಅದರದು, ಇವಳಿಗೆ ಅದು ಸಾಕಷ್ಟು ಬರುತ್ತಿಲ್ಲ ಎಂದರು. ಯಾಕೆ ಎಂದು ತಿಳಿಯಲು ತಲೆಯ ಸ್ಕ್ಯಾನ್ ಆಗಬೇಕು. ಆಮೇಲೆ ದಿನಕ್ಕೊಂದು ಸೂಜಿ. ಹತ್ತು ವರ್ಷ ಹಿಡಿಯಬಹುದು.

"ಊಟ ಬಿಟ್ಟಿದ್ದಕ್ಕೆ ಹಿಂಗಾಯ್ತಾ?" ರೊಸಾನಾ ಕೇಳಿದಳು.

"ಅಲ್ಲ. ಇವಳು ಇಡೀ ಪಾತ್ರೆ ಸಾರು ಕುಡಿದಿದ್ರೂ ಇಷ್ಟೇ ಇರ್ತಿದ್ಲು. ಯಾರ ತಪ್ಪೂ ಅಲ್ಲ."

ಎರ್ಸಿಲಿಯಾ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು.

"ಡಾಕ್ಟ್ರಮ್ಮಾ, ಐವತ್ತು ವರ್ಷದ ಹಿಂದೆ ಒಂದು ಮಗು... ಅದಕ್ಕೂ ಹಿಂಗೇ ಇದ್ದಿರ್ಬಹುದಾ?"

"ನಂಗೆ ಹೇಳೋಕಾಗಲ್ಲಮ್ಮ. ಆಗ ಅದನ್ನ ಯಾರೂ ನೋಡ್ಲಿಲ್ಲ."

"ಇಲ್ಲ," ಎಂದಳು ಎರ್ಸಿಲಿಯಾ. "ಯಾರೂ ನೋಡ್ಲಿಲ್ಲ." ದಾರ್ದೊ ತಾಯಿಯ ಮುಖ ನೋಡಿದ. ರೊಸಾನಾ ಪಕ್ಕದ ಕುರ್ಚಿಯಿಂದ ಕೈ ಚಾಚಿ ಅತ್ತೆಯ ಮೊಣಕೈ ಹಿಡಿದಳು. ಆರು ವರ್ಷದಲ್ಲಿ ಹಾಗೆ ಮುಟ್ಟಿದ್ದು ಮೊದಲ ಸಲ. ಮುದುಕಿ ಬಿಡಿಸಿಕೊಳ್ಳಲಿಲ್ಲ.

ಡಾಕ್ಟರ್ ಮಗುವಿನ ಕಡೆ ಬಾಗಿದರು. "ಲುದ್ಮಿಲಾ, ಸೂಜಿ ಅಂದ್ರೆ ಭಯಾನಾ?"

"ಚುಚ್ಚಿದ್ರೆ ಬೆಳೀತೀನಾ?"

"ಬೆಳೀತೀಯ ಅಂದ್ಕೊಂಡಿದೀನಿ."

ಲುದ್ಮಿಲಾ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅಮ್ಮನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಕೊನೆಗೆ ಅವಳ ನೋಟ ಅಪ್ಪನ ಮೇಲೆ ನಿಂತಿತು.

"ದೊಡ್ಡವಳಾದ್ರೆ ಹತ್ತಲೇಬೇಕಾ?"

"ಬೇಡ," ಎಂದ ದಾರ್ದೊ. "ಯಾವತ್ತೂ ಬೇಡ."

"ಎರಡು ಮೀಟರ್ ಆದ್ರೂ?"

"ಎರಡು ಮೀಟರ್ ಆದ್ರೂ. ಅಪ್ಪ ಒಬ್ಬನೇ ಹತ್ತಿ ಕಿರುಚ್ಕೊಂಡು ಬರ್ತಾನೆ."

ಮಗು ಇನ್ನೂ ನಂಬಲಿಲ್ಲ. ಅಜ್ಜಿಯ ಕಡೆ ತಿರುಗಿದಳು.

"ನನ್ನ ನೋಡ್ಬೇಡ," ಎಂದಳು ಎರ್ಸಿಲಿಯಾ, ಮೂಗೊರೆಸಿಕೊಳ್ಳುತ್ತ. "ನಿನ್ನ ಅದಕ್ಕೆ ಹತ್ತಿಸ್ತೀನಿ ಅಂತ ಬಂದೋರು ಮೊದಲು ನನ್ನ ದಾಟ್ಕೊಂಡು ಹೋಗ್ಬೇಕು."

ಲುದ್ಮಿಲಾ ಸ್ವಲ್ಪ ಯೋಚಿಸಿದಳು. ಬೆನ್ನ ಹಿಂದಿನಿಂದ ಒಂದು ಕೈ ತಂದು, ತೋಳನ್ನು ಭುಜದವರೆಗೆ ಮೇಲೇರಿಸಿ, ಡಾಕ್ಟರರ ಮೇಜಿನ ಮೇಲೆ ಚಾಚಿ ಇಟ್ಟಳು.

"ಹಂಗಾದ್ರೆ ಚುಚ್ಚಿ."

"ಇವತ್ತಲ್ಲ ಪುಟ್ಟಿ. ಕಾಗದ ಪತ್ರ ಎಲ್ಲಾ ಹೋಗಿ ಬರ್ಬೇಕು, ಔಷಧಿ ಬರೋಕೆ ತಿಂಗಳುಗಳಾಗುತ್ತೆ," ಎಂದು ಡಾಕ್ಟರ್ ನಕ್ಕರು.

ಮಗು ಕೈ ತೆಗೆಯಲಿಲ್ಲ. ಮುಖ ಆಚೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕಾಯುತ್ತಿದ್ದಳು.